ಎರಡೂ ಬೇಡ, ಆರೂ ಬೇಡ

ರಿಪೇರಿಯ ಪಿಳ್ಳಣ್ಣ ಫ್ರಿಜ್ಜನ್ನು ಗೋಡೆಯಿಂದ ಒಂದು ಮೊಳ ಈಚೆಗೆಳೆದು, ಹಿಂಬದಿಗೆ ಟಾರ್ಚು ಬಿಟ್ಟು, "ಅಯ್ಯೋ ತಾಯಿ, ಇಲ್ಲಿ ಒಂದು ಮೂಟೆ ಧೂಳೈತಲ್ಲಮ್ಮಾ! ಬಿಸಿ ಆಚೆ ಹೋಗೋದಾದ್ರೂ ಹೆಂಗೆ?" ಎಂದ.

ಚಂದನ ಯೂನಿಫಾರ್ಮನ್ನೂ ಬದಲಿಸದೆ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ವಿಮಾನದವರಿಗೆ ಊಟದ ತಟ್ಟೆ ಜೋಡಿಸುವ ಕೆಲಸ ಅವಳದು. ಬೆಳಗ್ಗೆ ಐದಕ್ಕೆ ವ್ಯಾನು ಹತ್ತಿದರೆ ದೇವನಹಳ್ಳಿಯ ಈ ಬಾಡಿಗೆ ಮನೆಗೆ ವಾಪಸಾಗುವುದು ಸಂಜೆ ಆರಕ್ಕೆ. ಆಕಾಶದಲ್ಲಿ ಹೋಗುವವರಿಗೆಲ್ಲ ಹದವಾಗಿ ತಣ್ಣಗಿರುವ ಮೊಸರು ಕಳಿಸುವವಳ ಸ್ವಂತ ಫ್ರಿಜ್ಜಿನ ಪಾಡು ಮಾತ್ರ ಕೇಳಬೇಡಿ. ಸಂಜೆ ಬಂದು ನೋಡಿದರೆ ಹಾಲಿನ ಪ್ಯಾಕೆಟ್ಟು ಕಲ್ಲು, ಕೊತ್ತಂಬರಿ ಸೊಪ್ಪು ಕಪ್ಪು. ಬೆಳಗ್ಗೆ ಎದ್ದು ನೋಡಿದರೆ ದೋಸೆ ಹಿಟ್ಟು ಹುಳಿ ಬಂದು ಡಬ್ಬಿಯ ಮುಚ್ಚಳವನ್ನೇ ಎತ್ತಿರುತ್ತಿತ್ತು.

ಪಿಳ್ಳಣ್ಣ ಬ್ರಶ್ಶಿನಿಂದ ಹಿಂದಿನ ಕೊಳವೆಗಳ ಧೂಳು ಕೆರೆದ. ಕಂಪ್ರೆಸರ್ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ. ಬಾಗಿಲಿಗೆ ಕಾಗದದ ಚೂರು ಸಿಕ್ಕಿಸಿ ಎಳೆದು, ಅದು ಬಾರದಿದ್ದಾಗ ಮೆಚ್ಚಿಕೊಂಡ. "ಕಂಪ್ರೆಸರ್ ಗಟ್ಟಿಯಾಗೈತೆ, ಗ್ಯಾಸ್ ಐತೆ, ರಬ್ಬರ್ರೂ ಬಿಗಿಯಾಗೈತೆ. ಮತ್ತೆ ಇದಕ್ಕೇನು ಬಂತು ರೋಗ?" ಎನ್ನುತ್ತಾ ಒಳಗಿನ ನಂಬರಿನ ಗುಂಡಿಯ ಕಡೆ ಬಗ್ಗಿದ. "ಇದನ್ನ ಆರಕ್ಕೆ ತಿರುಗಿಸಿರೋರು ಯಾರಮ್ಮಾ?"

"ಅದನ್ನೇ ಹೇಳ್ಬೇಕು ಅಂತಿದ್ದೆ ಅಣ್ಣ! ನಾನು ದಿನಾ ಸಂಜೆ ಎರಡಕ್ಕೆ ಇಡ್ತೀನಿ. ಮಾರನೇ ಸಂಜೆ ಬರೋ ಹೊತ್ಗೆ ತಾನಾಗೇ ಆರಕ್ಕೆ ಹೋಗಿರುತ್ತೆ."

"ತಾನಾಗೇ ತಿರುಗೋಕೆ ಅದೇನು ಗಡಿಯಾರನಾ? ಥರ್ಮೋಸ್ಟಾಟ್ ಕೆಟ್ರೆ ಮೋಟಾರು ನಿಲ್ದೇ ಓಡ್ತದೆ, ಇಲ್ಲಾ ಓಡೋದೇ ಇಲ್ಲ. ಗುಂಡಿ ಯಾಕೆ ತಿರುಗ್ತದೆ? ಮನೇಲಿ ಇನ್ಯಾರಿದಾರೆ?"

"ಯಾರೂ ಇಲ್ಲ. ನಾನೊಬ್ಳೇ."

ಮಾತು ಬಾಯಿಂದ ಬಿದ್ದುಹೋಯಿತು. ಪಿಳ್ಳಣ್ಣ ತಂತಿಯ ಮೇಲಿನ ಚೌಕಳಿ ಶರ್ಟನ್ನು ನೋಡಿದ, ಅವಳ ಕೊರಳಿನ ತಾಳಿಯನ್ನು ನೋಡಿದ, ಏನೂ ಕಾಣದವನಂತೆ ಟಾರ್ಚಿನ ಕಡೆ ತಿರುಗಿದ. ಚಂದನಳ ಮುಖ ಕೆಂಪಾಯಿತು. "ನಮ್ಮನೆಯವ್ರು ಇದಾರೆ," ಎಂದಳು ಅವಸರವಾಗಿ. "ಕಾರ್ಗೋದಲ್ಲಿ. ನೈಟ್ ಶಿಫ್ಟು."

ಮದುವೆಯಾಗಿ ಎಂಟು ತಿಂಗಳು. ನಂದೀಶ್ ಸಂಜೆ ಐದಕ್ಕೆ ಹೊರಟರೆ ಬರುವುದು ಬೆಳಗ್ಗೆ ಏಳೂವರೆಗೆ. ಶುಕ್ರವಾರದ ರಜೆಗೆ ಅವನು ರಾಜಘಟ್ಟದ ತೋಟಕ್ಕೆ ಹೋಗಿ ರಾತ್ರಿ ಅಲ್ಲೇ ಉಳಿಯುತ್ತಾನೆ. ಅವಳ ಮಂಗಳವಾರದ ರಜೆಯಲ್ಲಿ ಅವನು ಗೋಡೆಗೆ ಮುಖ ಹಾಕಿ ಮಲಗಿಬಿಡುತ್ತಾನೆಂದು ಅವಳು ಅಲ್ಲೇ ಪಕ್ಕದ ವಿಜಯಪುರದ ತಾಯಿಯ ಮನೆಗೆ. ಫೋನಿನಲ್ಲಿ "ತಿಂದ್ಯಾ?" "ಹ್ಞೂ, ನೀನು?" ಅಷ್ಟೇ. ಪುಣ್ಯಾತ್ಮ ಉಂಡ ತಟ್ಟೆಯನ್ನು ತೊಳೆದು, ಒರೆಸಿ, ಇದ್ದಲ್ಲೇ ಇಡುತ್ತಿದ್ದ, ಹಾಸಿಗೆಯನ್ನೂ ಮಡಚಿಡುತ್ತಿದ್ದ. ಗಂಡ ಅನ್ನುವವನು ಬಂದು ಹೋದ ಅನ್ನುವುದಕ್ಕೆ ಮನೆಯಲ್ಲಿ ಒಂದು ಗುರುತಾದರೂ ಬೇಡವೇ? ಇದೆಂಥ ಸಂಸಾರ ಎಂದು ಅತ್ತೂ ಅತ್ತೂ ಸಾಕಾಗಿ, ಮೊನ್ನೆ ತಾಯಿಗೆ ಹೇಳಿಯೇ ಬಿಟ್ಟಿದ್ದಳು: "ಬರೋ ಮಂಗಳವಾರ ಬಂದ್ಬಿಡ್ತೀನಮ್ಮಾ. ಮತ್ತೆ ವಾಪಸ್ ಹೋಗಲ್ಲ."

"ನಿಮ್ಮನೆಯವ್ರಿಗೆ ತಣ್ಣೀರು ಜಾಸ್ತಿ ಬೇಕೇನಮ್ಮಾ?" ಪಿಳ್ಳಣ್ಣ ಕೇಳಿದ.

"ಗೊತ್ತಿಲ್ಲಣ್ಣ." ನಿಜಕ್ಕೂ ಗೊತ್ತಿರಲಿಲ್ಲ.

ಪಿಳ್ಳಣ್ಣ ನಕ್ಕುಬಿಟ್ಟ. "ನೋಡಿ, ನಂಬರ್ ಏರಿದಷ್ಟೂ ತಣ್ಣಗೆ ಜಾಸ್ತಿ. ನೀವು ಸಂಜೆ ಎರಡಕ್ಕೆ ಇಳಿಸ್ತೀರ, ಈ ಸೆಖೆಗೆ ಅದು ಸಾಲ್ದು, ರಾತ್ರಿಯೆಲ್ಲ ಹಿಟ್ಟು ಉಬ್ತದೆ. ಬೆಳಗ್ಗೆ ಅವ್ರು ಬಂದು ನೀರು ಬೆಚ್ಚಗೈತೆ ಅಂತ ಆರಕ್ಕೆ ಏರಿಸ್ತಾರೆ, ಸಂಜೆಗೆ ಹಾಲು ಕಲ್ಲಾಗ್ತದೆ. ಕೆಟ್ಟಿರೋದು ಫ್ರಿಜ್ಜಲ್ಲ ತಾಯಿ. ಗಂಡ ಹೆಂಡ್ತಿ ಇಬ್ರೂ ಸೇರ್ಕೊಂಡು ಇದರ ಪ್ರಾಣ ತೆಗೀತಿದೀರ!" ಗುಂಡಿಯನ್ನು ನಾಲ್ಕಕ್ಕೆ ತಂದು, ಅದರ ಮೇಲೆ ಕರಿ ಟೇಪು ಬಿಗಿದ. "ಎರಡೂ ಬೇಡ, ಆರೂ ಬೇಡ. ಇಬ್ರೂ ಇದನ್ನ ಮುಟ್ಬೇಡಿ."

ಟೇಪಿನ ಸಂಗತಿಯನ್ನು ಅವಳು ಫೋನಿನಲ್ಲಿ ಹೇಳಿದಳು. ನಂದೀಶ್ "ಸರಿ" ಎಂದ. ಮಾರನೇ ದಿನ, "ನೀರು ಚೆನ್ನಾಗಿ ತಣ್ಣಗಿದೆ, ಇಷ್ಟು ಸಾಕು" ಎಂದೂ ಹೇಳಿದ.

ಫ್ರಿಜ್ಜು ಸರಿಹೋಯಿತು. ಹಾಲು ಹಾಲಿನಂತಿತ್ತು, ಹಿಟ್ಟು ಹಿಟ್ಟಿನಂತಿತ್ತು. ಆದರೆ ನಾಲ್ಕು ಸಂಜೆ ಬಾಗಿಲು ತೆರೆದಾಗಲೂ ಗುಂಡಿ ನಾಲ್ಕರಲ್ಲೇ ನಿಂತಿದ್ದನ್ನು ಚಂದನ ಕಂಡಳು. 'ಹಾಳಾದ್ದು ಮತ್ತೆ ತಿರುಗಿದೆ' ಎಂದು ತಾನು ಇಷ್ಟು ದಿನ ಬೈದದ್ದು ಗಂಡನ ಬೆರಳಿಗಲ್ಲವೇ? ಇದ್ದ ಆ ಒಂದು ಗುರುತನ್ನೂ ಪಿಳ್ಳಣ್ಣನನ್ನು ಕರೆಸಿ ಕೈಯಾರೆ ರಿಪೇರಿ ಮಾಡಿಸಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಮನೆ ಮೊದಲಿಗಿಂತ ಖಾಲಿಯಾಗಿತ್ತು.

ಐದನೆಯ ದಿನ, ಸೋಮವಾರ ಸಂಜೆ, ಆ ಟೇಪನ್ನು ತಾನೇ ಕಿತ್ತೆಸೆಯಬೇಕೆಂದು ವ್ಯಾನಿನಲ್ಲೇ ತೀರ್ಮಾನಿಸಿ ಬಂದವಳು, ಚಪ್ಪಲಿ ಬಿಟ್ಟವಳೇ ಬಾಗಿಲು ತೆರೆದಳು. ಟೇಪು ಇರಲಿಲ್ಲ. ಯಾರೋ ಜೋಪಾನವಾಗಿ ಬಿಡಿಸಿ ಒಳಗಿನ ಶೆಲ್ಫಿನ ಅಂಚಿಗೆ ಅಂಟಿಸಿದ್ದರು. ಗುಂಡಿ ಆರರಲ್ಲಿತ್ತು.

ಚಂದನ ನಿಂತಲ್ಲೇ ಅತ್ತಳು. ಅಳುತ್ತಲೇ ನಕ್ಕಳು. ಮೂಗೊರೆಸಿಕೊಂಡು ಗುಂಡಿಯನ್ನು ಎರಡಕ್ಕೆ ತಿರುಗಿಸಿ, ವಿಜಯಪುರಕ್ಕೆ ಫೋನು ಹಚ್ಚಿದಳು.

"ನಾಳೆ ಬರಲ್ಲ ಕಣಮ್ಮ. ಫ್ರಿಜ್ಜು ಮತ್ತೆ ಕೆಟ್ಟಿದೆ."