ಜೇನುತುಪ್ಪದ ಸರದಿ

ಅಡುಗೆಮನೆಯ ಹೊಸ್ತಿಲು ದಾಟಲು ಹೋದ ಚಿನ್ನಿ, ಕುಡಿದವರ ಹಾಗೆ ತೂರಾಡಿ ಅಲ್ಲೇ ಬಿದ್ದುಬಿಟ್ಟಿತು. ಗುರುದೇವಿ ಕೈಯಲ್ಲಿದ್ದ ಮೊರ ಬಿಟ್ಟು ಓಡಿ ಬಂದಳು. ಬೆಕ್ಕಿನ ಕಣ್ಣು ತೆರೆದೇ ಇತ್ತು, ಆದರೆ ಅವಳನ್ನು ನೋಡುತ್ತಿರಲಿಲ್ಲ. ಕಾಲು ನಾಲ್ಕೂ ನಡುಗುತ್ತಿದ್ದವು. "ಅಯ್ಯ ಶಿವನೇ, ಏನಾತ ಇದಕ್ಕ!"

ಹದಿನೆಂಟು ದಿನದ ಹಿಂದೆ ಯಾದಗಿರಿಯ ಡಾಕ್ಟರು ಚಿನ್ನಿಗೆ ಸಕ್ಕರೆ ಕಾಯಿಲೆ ಎಂದಿದ್ದರು. ಬೆಕ್ಕಿಗೆ ಸಕ್ಕರೆ ಕಾಯಿಲೆ! ಶಹಾಪುರದ ಅವರ ಓಣಿಗೆ ಓಣಿಯೇ ನಕ್ಕಿತ್ತು. ಗಂಡ ವಿಶ್ವರಾಧ್ಯ ಕೂಡ "ಮನಷ್ಯಾರ ಬ್ಯಾನಿ ಇದಕ್ಯಾಕ ಬೇಕಿತ್ತು" ಎಂದು ಮೂಗು ಮುರಿದಿದ್ದ. ಹಾಲು ರೊಟ್ಟಿ ಬಿಡಿಸಿ, ಕೋಳಿತತ್ತಿ ಕೊಡಿ, ತಿಂದ ಮೇಲೆ ದಿನಕ್ಕೆರಡು ಸಲ ಸೂಜಿ ಚುಚ್ಚಿ ಎಂದು ಡಾಕ್ಟರ ಅಪ್ಪಣೆ. ಲಿಂಗವಂತರ ಮನೆಯೊಳಗೆ ತತ್ತಿ ಹೇಗೆ ಬರಬೇಕು? ಪಕ್ಕದ ಮನೆಯ ಮಸ್ತಾನಬಿ "ನಾ ಇದ್ದೀನಲ್ಲಕ್ಕ" ಎಂದಳು. ಅಂದಿನಿಂದ ಬೆಳಗ್ಗೆ ಏಳೂವರೆಗೆ, ಸಂಜೆ ಏಳೂವರೆಗೆ, ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಬೇಯಿಸಿದ ತತ್ತಿಯ ತಟ್ಟೆ ತಪ್ಪಿರಲಿಲ್ಲ.

ಚಿನ್ನಿ ಅಲ್ಲೇ ತಿಂದು, ಎಂಟಕ್ಕೆ ಸರಿಯಾಗಿ ಗುರುದೇವಿಯ ಮುಂದೆ ಬಂದು ಕುತ್ತಿಗೆ ಬಗ್ಗಿಸಿ ಕೂರುತ್ತಿತ್ತು. ಯಾರು ಕಲಿಸಿದರೋ, ಆ ದೇವರಿಗೇ ಗೊತ್ತು! ಗಡಿಯಾರ ನೋಡಲು ಬಾರದ ಪ್ರಾಣಿ ಸೂಜಿಗೆ ತಾನಾಗಿ ಕುತ್ತಿಗೆ ಕೊಡುವುದನ್ನು ಕಂಡಾಗಲೆಲ್ಲ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು. ಇವತ್ತೂ ಬಂದಿತ್ತು. ಇವತ್ತೂ ಚುಚ್ಚಿದ್ದಳು.

"ಮಸ್ತಾನಬೀ, ಚಿನ್ನಿ ಮುಂಜಾನಿ ತತ್ತಿ ತಿಂದದೋ ಇಲ್ಲೋ?" ಎಂದು ಗೋಡೆಯತ್ತ ಕೂಗಿದಳು.

"ಇಲ್ಲಕ್ಕ! ಇವತ್ತು ಶ್ರಾವಣದ ಮೊದಲನೇ ಸೋಮವಾರ ಅಲ್ಲಾ? ನಿಮ್ಮ ಪೂಜಾ ನಡದಿರ್ತದ, ಗ್ವಾಡಿ ಮ್ಯಾಲ ತತ್ತಿ ಹ್ಯಾಂಗ ಇಡೂದು ಅಂತ ಸುಮ್ನಾದೆ. ನೀವು ಏನರ ಹಾಕೀರಿ ಅಂತ ಮಾಡಿದ್ದೆ." ಮರುಗಳಿಗೆಗೆ ಅವಳಿಗೇ ತಿಳಿಯಿತು. "ಯಾ ಅಲ್ಲಾ! ಸೂಜಿ ಹಾಕಿಬಿಟ್ಟೀರೇನು?"

ತಿನ್ನದೆ ಸೂಜಿ ಬಿದ್ದರೆ ಮೈಯೊಳಗಿನ ಸಕ್ಕರೆಯೆಲ್ಲ ಇಳಿದುಹೋಗುತ್ತದೆ, ಆಗ ಕೂಡಲೇ ವಸಡಿಗೆ ಜೇನುತುಪ್ಪ ತಿಕ್ಕಬೇಕು, ತಡವಾದರೆ ಜೀವ ಉಳಿಯದು ಎಂದು ಡಾಕ್ಟರು ಇಬ್ಬರಿಗೂ ಒಂದಕ್ಕೆ ಮೂರು ಸಲ ಹೇಳಿದ್ದರು. ಮನೆಯಲ್ಲಿದ್ದ ಜೇನುತುಪ್ಪವೆಲ್ಲ ದೇವರ ಕೋಣೆಯ ಬಟ್ಟಲಲ್ಲಿತ್ತು. ಅಲ್ಲಿ ವಿಶ್ವರಾಧ್ಯ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಕಣ್ಣು ಅರೆಮುಚ್ಚಿ ಪಂಚಾಮೃತ ಅಭಿಷೇಕಕ್ಕೆ ಕುಳಿತಿದ್ದ. ಮಗಳು ಹುಟ್ಟಿದ ಸುದ್ದಿ ತಂದವರನ್ನೂ ಪೂಜೆ ಮುಗಿಯುವವರೆಗೆ ಬಾಗಿಲಲ್ಲಿ ನಿಲ್ಲಿಸಿದ ಮನುಷ್ಯ ಅವನು. ಗುರುದೇವಿ ಬೆಕ್ಕನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಳು. ಬಿಕ್ಕಿಬಿಕ್ಕಿ ಅತ್ತಳು.

ವಿಶ್ವರಾಧ್ಯ ಕಣ್ಣು ಬಿಟ್ಟ. ಅವಳನ್ನು ನೋಡಿದ, ಜೋತುಬಿದ್ದ ಬೆಕ್ಕಿನ ತಲೆಯನ್ನು ನೋಡಿದ. ಲಿಂಗವನ್ನು ಒರೆಸಿ ಕೊರಳ ಕರಡಿಗೆಯೊಳಗೆ ಇಟ್ಟ. ಜೇನುತುಪ್ಪದ ಬಟ್ಟಲು ಎತ್ತಿಕೊಂಡೇ ಎದ್ದ.

"ಎಲ್ಲಿ ತಿಕ್ಕಂದಾನ ಡಾಕ್ಟರ?"

"ವಸಡಿಗ್ರೀ…"

ಒದ್ದೆ ಮಡಿಯಲ್ಲೇ ನೆಲಕ್ಕೆ ಕುಳಿತು ಬೆಕ್ಕನ್ನು ತೊಡೆಯ ಮೇಲೆ ಹಾಕಿಕೊಂಡ. ಬೆರಳಿಗೆ ಜೇನುತುಪ್ಪ ಹಚ್ಚಿ ತಿಕ್ಕಿದ. ಏನೂ ಇಲ್ಲ. ಮತ್ತೆ ತಿಕ್ಕಿದ. ಎಷ್ಟು ಹೊತ್ತಾಯಿತೋ, ಚಿನ್ನಿಯ ನಾಲಿಗೆ ಒಂದಿಷ್ಟು ಅಲುಗಿತು. ಆಮೇಲೆ ಕಿವಿ. ಆಮೇಲೆ ನಿಧಾನಕ್ಕೆ ತಲೆಯೆತ್ತಿ, ವಿಶ್ವರಾಧ್ಯನ ಎಡ ಅಂಗೈಗೆ ಸುರಿದಿದ್ದ ಜೇನುತುಪ್ಪವನ್ನು ತಾನೇ ನೆಕ್ಕತೊಡಗಿತು. ಇಷ್ಟು ದಿನ ವಿಷವೆಂದು ಮುಚ್ಚಿಟ್ಟ ಸಿಹಿಯೇ ಹೋದ ಜೀವವನ್ನು ತಿರುಗಿ ಕರೆದು ತಂದಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಗುರುದೇವಿ ಗಂಡನಿಗೋ ಬೆಕ್ಕಿಗೋ ಸುಮ್ಮನೆ ಕೈಮುಗಿದಳು.

ಅಂಗಳದಾಚೆ ಮಸ್ತಾನಬಿ ತತ್ತಿಯ ತಟ್ಟೆ ಹಿಡಿದು ನಿಂತಿದ್ದಳು. "ಗ್ವಾಡಿ ಮ್ಯಾಲ ಇಡ್ಲೇನ್ರೀ ಅಣ್ಣಾರ?"

"ಗ್ವಾಡಿ ಹತ್ತೂ ಶಕ್ತಿ ಎಲ್ಲದ ಇದಕ್ಕ? ಒಳಗ ಬಾ ತಂಗಿ, ಇಲ್ಲೇ ಇಡು."

ಮಸ್ತಾನಬಿ ಅಳುಕುತ್ತಲೇ ಒಳಗೆ ಬಂದಳು. ಆ ಮನೆಯ ಹೊಸ್ತಿಲನ್ನು ಮೊದಲ ಸಲ ದಾಟಿದ ತತ್ತಿ ದೇವರ ಕೋಣೆಯ ಬಾಗಿಲಲ್ಲೇ ಕುಳಿತಿತು. ಚಿನ್ನಿ ಅದಕ್ಕೆ ಬಾಯಿ ಹಾಕಿದ ಮೇಲಷ್ಟೇ ಗುರುದೇವಿಗೆ ಉಳಿದದ್ದು ನೆನಪಾಯಿತು.

"ನನ್ನ ಸಲುವಾಗಿ ಪೂಜಾ ಅರ್ಧಕ್ಕ ಬಿಟ್ಟ್ರಲ್ರೀ…"

ವಿಶ್ವರಾಧ್ಯ ತನ್ನ ಅಂಟಂಟು ಅಂಗೈಯನ್ನು ನೋಡಿಕೊಂಡ.

"ಎಲ್ಲಿ ಬಿಟ್ಟೀನಿ? ಹಾಲು ಆಗಿತ್ತು, ಮೊಸರು ಆಗಿತ್ತು, ತುಪ್ಪ ಆಗಿತ್ತು. ಜೇನುತುಪ್ಪದ ಸರದಿ ಇತ್ತು, ಈಗಾತು. ಸಕ್ಕರಿ ಒಂದು ಉಳದದ. ಅದು ಇದಕ್ಕ ನಡಿಯಂಗಿಲ್ಲ."