ಅರಸೀಕೆರೆಯಲ್ಲಿ ಕ್ರಾಸಿಂಗ್

"ಗಾಡಿ ಹತ್ತೇ ನಿಮಿಷ ನಿಲ್ಲೋದು, ಬೇಗ ಸಹಿ ಹಾಕಮ್ಮ," ಎಂದು ಪ್ರೊಫೆಸರ್ ಗುರುಮೂರ್ತಿ ಹುಬ್ಬಳ್ಳಿ ರೈಲಿನಿಂದ ಇಳಿಯುತ್ತಲೇ ಕಾಗದ ಚಾಚಿದರು. ರಜೆಗೆ ಊರಿಗೆ ಬಂದಿದ್ದ ಶಿಷ್ಯೆ ಇಂದುವನ್ನು ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ಪ್ಲಾಟ್‌ಫಾರ್ಮಿಗೆ ಕರೆಸಿದ್ದರು. ಪೆನ್ನಿನ ಕ್ಯಾಪನ್ನೂ ಅವರೇ ತೆಗೆದಿದ್ದರು.

ಇಂದು ಕಾಗದ ತೆಗೆದುಕೊಂಡಳು, ಪೆನ್ನು ಮುಟ್ಟಲಿಲ್ಲ. ಕ್ವಾರ್ಕ್ ಎಂಬ ಮೂಲಕಣಗಳು ನಾಲ್ಕು ಕೂಡಿದ ಹೊಸ ಕಣ ಸಿಕ್ಕಿದೆ ಎಂದು ಸಾರುವ ಪ್ರಬಂಧ ಅದು. ಮೇಲೆ ಅವರ ಹೆಸರು, ಪಕ್ಕದಲ್ಲಿ ಅವಳದು. ಆಧಾರವೆಂದರೆ ಗ್ರಾಫಿನ ನಡುವೆ ಎದ್ದ ಒಂದು ದಿಬ್ಬ. ಆ ದಿಬ್ಬದ ಹಿಂದೆ ಯಾವ ಕಣವೂ ಇಲ್ಲವೆಂದು ಅವಳು ಹೋದ ತಿಂಗಳೇ ಲೆಕ್ಕ ಮಾಡಿ ತೋರಿಸಿದ್ದಳು. ಅವರು ಆ ಲೆಕ್ಕವನ್ನು ಡ್ರಾಯರಿಗೆ ಹಾಕಿ ಬೀಗ ಜಡಿದಿದ್ದರು.

"ಸರ್, ದೊಡ್ಡ ಕಣ ಒಡೆದಾಗ ಹೊರಟ ಚೂರುಗಳಲ್ಲಿ ಹಿಂದಿನದು ಮುಂದಿನದನ್ನ ಹಿಡಿದು ಡಿಕ್ಕಿ ಹೊಡೆಯುತ್ತೆ. ಅದಕ್ಕೇ ದಿಬ್ಬ ಏಳೋದು. ಒಡೆಯೋ ಕಣದ ಶಕ್ತಿ ಒಂಚೂರು ಬದಲಾಯಿಸಿ, ದಿಬ್ಬ ಮಾಯ. ನಿಜವಾದ ಕಣ ಆಗಿದ್ರೆ ಅಲ್ಲೇ ಇರಬೇಕಿತ್ತಲ್ವಾ?"

"ಇಷ್ಟೆತ್ತರ ಕಣ್ಣಿಗೇ ಕಾಣ್ತಿದೆ, ಇಲ್ಲ ಅಂತೀಯಲ್ಲ!"

ಇಂದು ಮೇಲ್ಸೇತುವೆಯ ಬುಡಕ್ಕೆ ಕೈ ತೋರಿಸಿದಳು. ಎದುರಿಗೆ ಮೈಸೂರು ಗಾಡಿಯೂ ಬಂದು ನಿಂತಿತ್ತು. ಅದರಿಂದ ಇಳಿದವರು, ಇದಕ್ಕೆ ಹತ್ತುವವರು ಆ ಮೂಲೆಯಲ್ಲಿ ಎಳ್ಳು ಚೆಲ್ಲಿದರೂ ನೆಲಕ್ಕೆ ಬೀಳದಷ್ಟು ತುಂಬಿದ್ದರು.

"ಅಲ್ಲಿ ಏನೋ ಇದೆ ಅನ್ಸುತ್ತಲ್ವಾ ಸರ್? ನಮ್ಮವ್ವಂಗೂ ಹಂಗೇ ಅನ್ಸಿತ್ತು. ಓಡಾಡಿ ವಡೆ ಮಾರ್ತಿದ್ದೋಳು ಅಲ್ಲೇ ಜಾಗ ಹಿಡಿದು ಅಂಗಡಿ ಇಟ್ಲು. ಎರಡು ಗಾಡಿ ಕ್ರಾಸಿಂಗ್ ಆದಾಗ ಮಾತ್ರ ಜನ. ಒಂದು ಗಾಡಿ ತಡವಾದ್ರೂ ಒಂದು ನೊಣಾನೂ ಇಲ್ಲ."

ಕಿಟಕಿಯಿಂದ ಕಿಟಕಿಗೆ ವಡೆ ಬುಟ್ಟಿ ಹೊತ್ತು ನಡೆಯುತ್ತಿದ್ದ ದ್ಯಾವಮ್ಮ, ಮಗಳ ದನಿ ಏರಿದ್ದು ಕೇಳಿ ಬಂದು ಪಕ್ಕದಲ್ಲಿ ನಿಂತಳು. ಗುರುಮೂರ್ತಿ ಆಕೆಯತ್ತ ನೋಡಲಿಲ್ಲ.

"ವಡೆ ಅಂಗಡಿ ಕಥೆ ಹೇಳಿದ್ರೆ ಪಿಎಚ್.ಡಿ. ಕೊಡ್ತಾರಾ? ನೀನು ಇದಕ್ಕೆ ಸಹಿ ಹಾಕದಿದ್ರೆ ನಿನ್ನ ಥೀಸಿಸ್‌ಗೆ ನಾನೂ ಹಾಕಲ್ಲ. ಐದು ವರ್ಷದ್ದು ಹೊಳೇಲಿ ಹುಣಸೇಹಣ್ಣು ತೊಳೆದ ಹಾಗೆ, ತಿಳ್ಕೋ."

ಐದು ವರ್ಷ! ಇಂದುವಿಗೆ ಭಯವಾಯಿತು, ಸುಳ್ಳೇಕೆ? ಆದರೆ ಭಯಕ್ಕಿಂತ ಒಂದು ಕೈ ಮೇಲೆ ಸಿಟ್ಟು ಬಂದಿತ್ತು. ಅವರ ಕೈಯಿಂದ ಪೆನ್ನು ಕಿತ್ತುಕೊಂಡು ತನ್ನ ಹೆಸರಿನ ಮೇಲೆ ಎರಡು ಸಲ ಗೀಟೆಳೆದಳು.

"ತಗೊಳ್ಳಿ ಸರ್, ಇದು ನಿಮ್ಮದು. ನನ್ನ ಲೆಕ್ಕ ನನ್ನೊಬ್ಬಳ ಹೆಸರಲ್ಲೇ ಜರ್ನಲ್‌ಗೆ ಕಳಿಸ್ತೀನಿ. ಹಾಕ್ತಾರೋ ಬಿಡ್ತಾರೋ ನೋಡೇಬಿಡೋಣ."

ಗಾಡಿ ಕೂಗಿತು. ಗುರುಮೂರ್ತಿ ಕಾಗದ ಸೆಳೆದುಕೊಂಡು ಹತ್ತಿದರು. ಬಾಗಿಲಲ್ಲಿ ನಿಂತು ಏನೋ ಅಂದರು, ಚಕ್ರದ ಸದ್ದಿನಲ್ಲಿ ಕೇಳಿಸಲಿಲ್ಲ. ಮೈಸೂರು ಗಾಡಿಯೂ ಹೊರಟಿತು. ಮೇಲ್ಸೇತುವೆಯ ಬುಡದಲ್ಲಿ ಈಗ ಒಂದು ನಾಯಿ ಮಾತ್ರ ಮಲಗಲು ಜಾಗ ನೋಡುತ್ತಿತ್ತು.

"ಬಾಳಾ ಓದಿದೋರಾ ಅವ್ರು?" ಎಂದಳು ದ್ಯಾವಮ್ಮ.

"ಹೂಂ ಕಣವ್ವ."

ದ್ಯಾವಮ್ಮ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು.

"ನಾನು ಮೂರೇ ತಿಂಗ್ಳಿಗೆ ಅಂಗಡಿ ಎತ್ತಿದೆ. ಓದಿದೋರ್ಗೆ ಇನ್ನೂ ಜಾಸ್ತಿ ದಿನ ಬೇಕೇನೋ."