ಸೂರಿಗೆ ಮುಟ್ಟಿಸಬೇಡ

ಹಡಗಿನ ಶೀತಲ ಕೋಣೆಯಲ್ಲಿ ಹಿರಿಯ ಖಲಾಸಿ ಕಿರಿಯನ ಕೆನ್ನೆಗೆ ಬಾರಿಸಿದ.

"ಮೀನಿನ ಪೆಟ್ಟಿಗೆ ಸೂರಿಗೆ ಮುಟ್ಟಿಸಬೇಡ, ತಣ್ಣನೆ ಗಾಳಿ ಓಡಾಡ್ಬೇಕು ಅಂತ ಎಷ್ಟು ಸಲ ಬಡ್ಕೊಳ್ಳೋದೋ, ಕತ್ತೆ."

ಕಿರಿಯ ಕೈಯಲ್ಲಿದ್ದ ಸಲಾಕೆ ಬೀಸಿದ. ಬಿದ್ದವನ ತಲೆಗೆ ಉಸಿರಡಗುವವರೆಗೂ ಬಡಿದ. ಕೆಂಪಾದ ಮಂಜನ್ನು ಕೆರೆದು ತೆಗೆದ. ಹೆಣವನ್ನು ಮೂಲೆಗೆ ಎಳೆದು, ಒಂದು ಕೂದಲೂ ಕಾಣದಂತೆ ಸೂರಿನವರೆಗೂ ಪೆಟ್ಟಿಗೆ ಪೇರಿಸಿ, ಕೈ ತೊಳೆದು ಊಟಕ್ಕೆ ಹೋದ.

ಎರಡನೇ ಸಲ ಅನ್ನ ಹಾಕಿಸಿಕೊಳ್ಳುವಾಗ ಅಪಾಯದ ಗಂಟೆ ಹೊಡೆಯಿತು.

"ಮೀನಿನ ಕೋಣೆ ಕಾವೇರ್ತಿದೆ," ಅಂದ ಕ್ಯಾಪ್ಟನ್. "ಯಾರೋ ಸೂರಿಗೆ ಮುಟ್ಟಿಸಿ ಪೇರಿಸಿದ್ದಾರೆ."

ಕಿರಿಯ ಅರ್ಧ ಊಟಕ್ಕೇ ಎದ್ದ. "ನಾನೇ ಹೋಗಿ ಇಳಿಸ್ತೀನಿ, ಸಾರ್."

"ಕೂತು ಊಟ ಮಾಡು. ಉಳಿದವರು ಆಗಲೇ ಒಳಗೆ ಪೆಟ್ಟಿಗೆ ಇಳಿಸ್ತಿದ್ದಾರೆ."